ಚಿಟಿಕೆ ಸಕ್ಕರೆ

ಕೊರೊನಾ ವಾರ್ಡಿನೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಮಗಳು ದಿನಾ ಗೇಟು ಕಾಯುವವನ ಕೈಗೆ ಅಮ್ಮನ ಗಂಜಿಯ ಡಬ್ಬಿ ಕೊಟ್ಟು, ಹಿಂದಿನ ದಿನದ್ದನ್ನು ಇಸಕೊಂಡು ಬರುತ್ತಿದ್ದಳು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಅಮ್ಮ ಅದರಲ್ಲಿ ಚಿಟಿಕೆ ಸಕ್ಕರೆ ಹಾಕಿ ಕಳಿಸುತ್ತಿದ್ದಳು. ನಿನ್ನೆ ಮಾತ್ರ ಡಬ್ಬಿ ಖಾಲಿ ಬಂದಿತ್ತು.

“ಸಕ್ಕರೆ ಹಾಕದೆ ಕಳಿಸೋಳಲ್ಲ ನಮ್ಮಮ್ಮ. ಏನಾಗಿದೆ, ನಿಜ ಹೇಳಪ್ಪ,” ಎಂದು ಗೇಟಿನವನ ಮೇಲೆ ಹರಿಹಾಯ್ದಿದ್ದಳು.

“ಮರೆತಿರಬೇಕು ಅಕ್ಕ. ಚೆನ್ನಾಗೇ ಇದ್ದಾರೆ,” ಎಂದಿದ್ದ ಅವನು, ಎಲ್ಲರಿಗೂ ಹೇಳುವಂತೆ.

ಇವತ್ತು ಡಬ್ಬಿ ಕೈಗೆ ಬಂದೊಡನೆ ಗೇಟಿನಲ್ಲೇ ಮುಚ್ಚಳ ತೆಗೆದಳು. ತಳದಲ್ಲಿ ಸಕ್ಕರೆಯಿತ್ತು. ಹೋದ ಜೀವ ಬಂದಂತಾಯಿತು.

ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಡಬ್ಬಿಯೊಳಗೆ ಇಣುಕಿ ಹುಬ್ಬು ಗಂಟಿಕ್ಕಿದಳು.

“ಇದೇನ್ರೀ, ನಮ್ಮಪ್ಪ ಇವತ್ತು ಸಕ್ಕರೆ ಹಾಕಿ ಕಳಿಸಿದ್ದಾರೆ? ಅವರಿಗೆ ಶುಗರ್ ಕಾಯಿಲೆ, ಸಕ್ಕರೆ ಮುಟ್ಟೋದೇ ಇಲ್ಲ.”