ಚಹಾ ಪೆಟ್ಟಿಗೆಯ ಮೆಣಸಿನಕಾಯಿ

"ಇದರಾಗ ಕೋಳಿ ಸಾಕೀಯೇನು?"

ಹಾಲೇಶಪ್ಪ ಹೊಸ್ತಿಲಲ್ಲೇ ನಿಂತು ಕೇಳಿದ. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಬ್ಯಾಡಗಿ ಮಾರುಕಟ್ಟೆಯ ಹಿಂದಿನ ಆ ಓಣಿಯಲ್ಲಿ ಗಾಳಿಯೇ ಮೆಣಸಿನಕಾಯಿ ಘಾಟು. ಊರವರು ಅದರಲ್ಲೇ ಉಂಡು ಮಲಗುತ್ತಾರೆ; ಹಾಲೇಶಪ್ಪನಂಥ ದೊಡ್ಡ ಮನುಷ್ಯರಿಗೆ ಆಗಿಬರುವುದಿಲ್ಲ.

ಅವನು ಬೆರಳು ತೋರಿಸಿದ್ದು ಮೂಲೆಯಲ್ಲಿದ್ದ ಹಳೆಯ ಚಹಾಪುಡಿ ಪೆಟ್ಟಿಗೆಗೆ. ಒಂದು ಬದಿಯ ಹಲಗೆ ತೆಗೆದು, ಹಿಂಬದಿಗೆ ಟೇಬಲ್ ಫ್ಯಾನು ಕೂರಿಸಿ, ಅದರ ಮುಂದೆ ಒದ್ದೆ ಗೋಣಿಯ ತುಂಡು ಕಟ್ಟಲಾಗಿತ್ತು. ಗನ್ನಿನಿಂದ ಬಣ್ಣ ಹೊಡೆಯುವಾಗ ಹಾರುವ ತುಂತುರನ್ನು ಫ್ಯಾನು ಎಳೆಯುತ್ತದೆ, ಗೋಣಿ ಹಿಡಿಯುತ್ತದೆ, ಹಸಿ ಬಣ್ಣದ ಮೇಲೆ ಧೂಳು ಕೂರುವುದಿಲ್ಲ.

"ಸ್ಪ್ರೇ ಬೂತ್ ರೀ ಸಾಹೇಬ್ರ," ಎಂದಳು ದೇವವ್ವ. "ನಾನ ಮಾಡೇನಿ."

"ಅದು ಕಾಣಾಕತ್ತೈತಿ ಬಿಡು."

ಹಾಲೇಶಪ್ಪ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಮ್ಯಾನೇಜರ್. ತೊಂಬತ್ತೊಂದನೆಯ ಇಸವಿಯ ಆ ವರ್ಷ ಕಂಪನಿ ಹೊಸ ಮೆಣಸಿನಕಾಯಿ ತಳಿ ಹೊರಗೆ ತರುವುದಿತ್ತು. ಕೃಷಿ ಪ್ರದರ್ಶನಗಳಲ್ಲಿ ಇಡಲು ಪ್ಲಾಸ್ಟರಿನ ಮಾದರಿ ಕಾಯಿ ಬೇಕಿತ್ತು. ನಿಜವಾದ ಕಾಯಿ ನಾಲ್ಕು ಊರು ತಿರುಗಿದರೆ ಬಣ್ಣಗೆಡುತ್ತದೆ. ಕಂಪನಿಯ ಹೊಲದ ಕಾಯಿಗಳನ್ನು ನಮೂನೆಗೆಂದು ಮಾದರಿ ಮಾಡುವ ಇಬ್ಬರಿಗೆ ಕಳಿಸಿದ್ದರು. ಒಬ್ಬಳು ದೇವವ್ವ. ಇನ್ನೊಬ್ಬ ರಾಣೆಬೆನ್ನೂರಿನ ಅಜ್ಜಪ್ಪ.

ಅಜ್ಜಪ್ಪ ಹಾಲೇಶಪ್ಪನಿಗೆ ಬೀಗ. ಅವನ ಬಳಿ ಮುಂಬಯಿಯಿಂದ ತಂದ ಬಿಳಿ ಉಕ್ಕಿನ ಬೂತ್ ಇತ್ತು. ಒಳಗೆ ಟ್ಯೂಬ್‌ಲೈಟು, ಹಿಂದೆ ಎಕ್ಸಾಸ್ಟ್ ಫ್ಯಾನು. ಅದನ್ನು ಕೊಳ್ಳಲು ಅಂಗಡಿಯವರೆಗೆ ಜೊತೆಗೆ ಹೋಗಿ, ಇದೇ ಆಗಬೇಕೆಂದು ಆರಿಸಿಕೊಟ್ಟವನು ಹಾಲೇಶಪ್ಪನೇ. ಆರ್ಡರನ್ನೂ ಆಗಲೇ ಕೊಟ್ಟುಬಿಡುತ್ತಿದ್ದ. ಆದರೆ ಮಾಲೀಕರು, ಇಬ್ಬರ ಕೆಲಸವನ್ನೂ ನೋಡಿ ಬರೆದು ಸಹಿ ಮಾಡಿ ಕೊಡು ಎಂದು ಹಟ ಹಿಡಿದರು. ರಾಣೆಬೆನ್ನೂರಿನಿಂದ ಬಸ್ಸು ಹತ್ತಿ ಬರುವ ಪೀಡೆ ಹೀಗೆ ಅಂಟಿಕೊಂಡಿತ್ತು. ಮುಂಜಾನೆಯ ಗಾಡಿಗೇ ನಿನ್ನ ತಟ್ಟೆ ಬ್ಯಾಡಗಿಗೆ ಮುಟ್ಟಿರಬೇಕು ಎಂದು ಅಜ್ಜಪ್ಪನಿಗೆ ಹೇಳಿಟ್ಟಿದ್ದ.

ಈ ಕೆಲಸ ತಪ್ಪಿದರೆ ದೇವವ್ವನಿಗೆ ಮತ್ತೆ ತೊಟ್ಟು ಬಿಡಿಸುವ ಕೂಲಿಯೇ ಗತಿ. ಹತ್ತು ವರ್ಷ ಮಾಡಿದ್ದಳು. ಸಂಜೆಗೆ ಕೈ ಹೇಗೆ ಉರಿಯುತ್ತಿತ್ತೆಂದರೆ ಮಗಳ ಮುಖ ಸವರಲೂ ಹೆದರುತ್ತಿದ್ದಳು. ಅದು ಹಾಲೇಶಪ್ಪನಿಗೆ ಗೊತ್ತಿತ್ತು. ಗೊತ್ತಿದ್ದರೇನು, ಕೂಲಿಯವಳು ಕೂಲಿಯಲ್ಲೇ ಇರಲಿ ಎಂಬುದು ಅವನ ನ್ಯಾಯ.

ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು, ಒಂದೊಂದರಲ್ಲೂ ಹನ್ನೆರಡು ಕೆಂಪು ಕಾಯಿ. ಧೂಳು ಕೂರದಂತೆ ಮೇಲೆ ಗಾಜು ಮುಚ್ಚಿತ್ತು.

"ಬಣ್ಣ ಇನ್ನೂ ಹಸಿ ಐತ್ರಿ, ಮುಟ್ಟಬ್ಯಾಡ್ರಿ," ಎಂದಳು ದೇವವ್ವ. "ಸಾಹೇಬ್ರ, ಆ ಎಡಕಿನ ತಟ್ಟಿ ಐತಲ್ರಿ, ಅದು..."

"ಹೇಳಬ್ಯಾಡ. ನನಗ ಕಣ್ಣದಾವು."

"ಹಂಗಲ್ರಿ, ಎರಡೂ..."

"ನೀ ಬಾಯಿ ಮುಚ್ಚಿಕೊಂಡು ನಿಂತರ ಸಾಕವಾ. ಹದಿನೆಂಟು ವರ್ಷ ಇದರಾಗ ಅದೇನಿ."

ದೇವವ್ವ ಅವನ ಮುಖವನ್ನೊಮ್ಮೆ, ತಟ್ಟೆಗಳನ್ನೊಮ್ಮೆ ನೋಡಿ ಗೋಡೆಗೆ ಒರಗಿ ನಿಂತಳು.

ಹಾಲೇಶಪ್ಪ ಎಡಗಡೆಯ ತಟ್ಟೆಗೆ ಬಗ್ಗಿದ. ನಗು ತಡೆಯಲಾಗಲಿಲ್ಲ. "ಅಂಗೈ ಹುಣ್ಣಿಗೆ ಕನ್ನಡಿ ಯಾಕ? ನೋಡಿಲ್ಲೆ. ಒಂದರಂಗ ಒಂದಿಲ್ಲ. ಇದು ಸೊಟ್ಟ, ಅದು ಗಿಡ್ಡ. ಈ ತುದಿಗೆ ಬಣ್ಣನ ಹತ್ತಿಲ್ಲ, ಬಿಳೇ ಕಲಿ ಬಿದ್ದೈತಿ. ಸುಕ್ಕರ ಹೆಂಗ ಅದಾವು, ಮುದುಕಿ ಕೆನ್ನಿ ಇದ್ದಂಗ. ಇದಕ್ಕ ಮೆಣಸಿನಕಾಯಿ ಅಂತಾರೇನು?"

"ಅನ್ನೂದಿಲ್ಲೇನ್ರಿ?" ಎಂದು ಕೇಳಿದಳು ದೇವವ್ವ.

"ನಿನಗ ಹೇಳಿ ಏನು ಉಪಯೋಗ. ಕತ್ತಿಗೇನು ಗೊತ್ತು ಕಸ್ತೂರಿ ವಾಸನಿ." ಕರವಸ್ತ್ರವನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡು ಬಲಗಡೆಯ ತಟ್ಟೆಗೆ ಸರಿದ. ಧ್ವನಿಯೇ ಬದಲಾಯಿತು. "ಇದಪಾ ಕೆಲಸ ಅಂದ್ರ. ಹದ ನೋಡು, ಹೊಳಪು ನೋಡು. ಕೈಯಾಗ ತಗೊಂಡು ಮುರೀಬೇಕು ಅನಸ್ತೈತಿ. ಮುಂಬಯಿ ಬೂತಿಗೂ ನಿನ್ನ ಕೋಳಿಗೂಡಿಗೂ ಇರೋ ಅಂತರ ಇದು. ತಿಳೀತಿಲ್ಲೋ?"

"ತಿಳೀತ್ರಿ. ಹಂಗಾರ ಬರದು ಕೊಡ್ರಿ." ಅವಳು ಕಾಗದ ಚಾಚಿದಳು. "ಹೆಸರು ಬ್ಯಾಡ್ರಿ. ನಮ್ಮ ಮಾರ್ಕೆಟ್ಟಿನ ಟೆಂಡರ್ ಚೀಟಿ ಇದ್ದಂಗ ನಂಬರ್ ಹಾಕಿ ಬರೀರಿ. ಎಡಕಿಂದು ಒಂದು, ಬಲಕಿಂದು ಎರಡು. ಬರದ ಮ್ಯಾಲೆ ತಿದ್ದೂದಿಲ್ಲ."

ಸಾಯುವ ಕೋಳಿ ತಾನಾಗಿ ಕತ್ತು ಚಾಚಿದರೆ ಬೇಡ ಎನ್ನುವವರಾರು? ಹಾಲೇಶಪ್ಪ ನಿಂತಲ್ಲೇ ಬರೆದ. ಒಂದನೆಯ ತಟ್ಟೆಯದು ಮೆಣಸಿನಕಾಯಿಯಂತೆ ಕಾಣುವುದಿಲ್ಲ, ಕಂಪನಿಯ ಮರ್ಯಾದೆಗೆ ಕುಂದು. ಎರಡನೆಯ ತಟ್ಟೆಯನ್ನು ಮಾಡಿದವರಿಗೆ ಮೂರು ವರ್ಷದ ಆರ್ಡರ್. ಕೆಳಗೆ ಉದ್ದಕ್ಕೆ ಸಹಿ ಎಳೆದ. ದೇವವ್ವ ಅದನ್ನು ಎರಡು ಸಲ ಓದಿ, ಮಡಚಿ, ಸೊಂಟದ ಸಂಚಿಗೆ ಸೇರಿಸಿದಳು.

"ಹೆಣ್ಣಮಗಳು, ಪಾಪ," ಎಂದ ಹಾಲೇಶಪ್ಪ, ಪಾಪ ಎಂಬುದು ಒಂದಿಷ್ಟೂ ಇಲ್ಲದ ದನಿಯಲ್ಲಿ. "ಆ ಪೆಟ್ಟಿಗಿ ಒಡದು ಒಲಿಗೆ ಹಾಕು. ಒಂದು ದಿನದ ರೊಟ್ಟಿ ಆದಾವು."

ಆಗ ಹೊರಗೆ ಟಾಂಗಾ ನಿಂತಿತು. ಅಜ್ಜಪ್ಪ ಏದುಸಿರು ಬಿಡುತ್ತ ಒಳಗೆ ಬಂದ. ಎರಡೂ ಕೈಯಲ್ಲಿ ಎದೆಗವಚಿ ಹಿಡಿದದ್ದು ಗಾಜು ಮುಚ್ಚಿದ ಒಂದು ತಟ್ಟೆ.

"ತಡಾ ಆತ್ರಿ ಬೀಗರ, ತಪ್ಪು ತಿಳೀಬ್ಯಾಡ್ರಿ. ಮುಂಜಾನಿ ಗಾಡಿ ತಪ್ಪಿತು. ನನ್ನ ತಟ್ಟಿ ಎಲ್ಲಿ ಇಡ್ಲಿ?"

ಹಾಲೇಶಪ್ಪ ಬೀಗನ ಕೈಯನ್ನು ನೋಡಿದ. ಮೇಜನ್ನು ನೋಡಿದ. ದೇವವ್ವ ಗೋಡೆ ಬಿಟ್ಟು ಅಲ್ಲಾಡಲಿಲ್ಲ. ಅವನು ಎಡಗಡೆಯ ತಟ್ಟೆಯ ಗಾಜು ಎತ್ತಿ, ಮುದುಕಿ ಕೆನ್ನೆ ಎಂದಿದ್ದ ಕಾಯೊಂದನ್ನು ಹಿಡಿದು ಹಿಚುಕಿದ.

ಪಟ್ಟನೆ ಒಡೆದ ಕಾಯಿಯಿಂದ ಅವನ ಅಂಗೈ ತುಂಬ ಬೀಜ ಉದುರಿದವು, ಅವನದೇ ಕಂಪನಿಯ ಹೊಸ ತಳಿಯ ಬೀಜ.