ಪುಂಡಿಪಲ್ಯ ಮುಗಿದಿದೆ

ಮಧ್ಯಾಹ್ನ 12.40. ಕಾಶವ್ವನ ಖಾನಾವಳಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ.

ವಿಜಯಪುರ ಜಿಲ್ಲೆಯ ಆ ಊರಿಗೆ ಬೈಪಾಸ್ ಆಗಿ ನಾಲ್ಕು ತಿಂಗಳು. ಲಾರಿ, ಕಾರು ಯಾವುದೂ ಊರೊಳಗೆ ಬರುತ್ತಿರಲಿಲ್ಲ...

ರೊಟ್ಟಿ ಬಡಿಯುವ ಹೆಂಗಸರು ಐವರು. ಮುಂದಿನ ತಿಂಗಳಿಂದ ಇಬ್ಬರೇ ಸಾಕು ಎಂದು ಕಾಶವ್ವ ಅವತ್ತು ಹೇಳಬೇಕಿತ್ತು.

ಬದಲಿಗೆ ಪ್ರಮೋದನಿಗೆ ಫೋನ್ ಮಾಡಿದರು. ಎರಡು ವರ್ಷದ ಹಿಂದೆ ಖಾನಾವಳಿಗೆ ವೆಬ್‌ಸೈಟ್ ಮಾಡಿಕೊಟ್ಟವನು ಅವನೇ.

"ಬೈಪಾಸಿನ್ಯಾಗ ಹೋಗೋರು ಫೋನಿನ್ಯಾಗ ಊಟ ಹುಡುಕ್ತಾರಂತ. ನಮ್ದ್ಯಾಕ ಕಾಣವಲ್ದೋ ತಮ್ಮಾ?"

"ಅಕ್ಕಾರ, ಮಾಡಿದ ದಿನದಿಂದ ಸೈಟಿನ್ಯಾಗ ಒಂದಕ್ಷರ ಬದಲಾಗಿಲ್ಲ. ದಿನಾ ಹೊಸಾದು ಬೀಳಬೇಕ್ರಿ. ತಾನ ಬೀಳೂಹಂಗ ಮಾಡ್ತೀನಿ ಬಿಡ್ರಿ."

ಮಾಡಿದ. 'ಊಟ', 'ಹೋಟೆಲ್' ಎಂಬ ಪದಗಳಿರುವ ಸುದ್ದಿಗಳು ಗಂಟೆಗೊಮ್ಮೆ ಎಲ್ಲೆಲ್ಲಿಂದಲೋ ಸೈಟಿಗೆ ತಾವಾಗಿಯೇ ಬರತೊಡಗಿದವು.

ಮೂರನೆಯ ದಿನ, ರೊಟ್ಟಿ ಬಡಿಯುವ ಮಾದೇವಿ ಫೋನ್ ಹಿಡಿದು ಓಡಿ ಬಂದಳು. "ಯಕ್ಕಾ, ನೋಡಿಲ್ಲೆ!"

ಸೈಟಿನಲ್ಲಿ ಕಾಶವ್ವ ನಗುನಗುತ್ತ ಊಟ ಬಡಿಸುತ್ತಿರುವ ಫೋಟೊ... ಅದರ ಕೆಳಗೇ ದಪ್ಪ ಅಕ್ಷರದಲ್ಲಿ: 'ಹೋಟೆಲ್ ಊಟ ಸೇವಿಸಿ 22 ಮಂದಿ ಅಸ್ವಸ್ಥ.'

ಸುದ್ದಿ ಬೇರೆ ರಾಜ್ಯದ್ದು. ಫೋಟೊ ಇವರದು.

ಪ್ರಮೋದ ತಲೆ ತಗ್ಗಿಸಿಕೊಂಡು ಬಂದ. ಕಾಶವ್ವ ಬೈಯಲಿಲ್ಲ. ಅವನನ್ನು ಬಾಗಿಲಿಗೆ ಕರೆದೊಯ್ದು, ಅಂದಿನ ಪಲ್ಯಗಳನ್ನು ಸೀಮೆಸುಣ್ಣದಲ್ಲಿ ಬರೆದಿದ್ದ ಕರಿಬೋರ್ಡು ತೋರಿಸಿದರು.

"ದಿನಾ ಹೊಸಾದು ಅಂದ್ಯಲ್ಲಾ? ಹದಿನೆಂಟು ವರ್ಷ ಆತು, ಇಲ್ಲೆ ದಿನಾ ಹೊಸಾದು ಬರೀತೀನಿ. ಮಂದಿ ಸುದ್ದಿ ಯಾಕ ತಂದಿ? ಇದನ್ನ ಹಾಕು."

ಪ್ರಮೋದ ಸುದ್ದಿಗಳನ್ನು ತೆಗೆದುಹಾಕಿದ. ಬೋರ್ಡಿನ ಫೋಟೊ ವಾಟ್ಸ್ಯಾಪ್ ಮಾಡಿದರೆ ಸಾಕು, ಅದರಲ್ಲಿ ಬರೆದದ್ದು ವೇಳೆಯ ಸಮೇತ ಸೈಟಿಗೆ ತಾನೇ ಹೋಗುವಂತೆ ಮಾಡಿದ.

ಆದರೆ ಊರವರಷ್ಟಕ್ಕೇ ಮಾಡಿದ ಯಾವುದಾದರೂ ಪಲ್ಯ ಖಾಲಿಯಾದರೆ ಕಾಶವ್ವ ಅದರ ಮುಂದೆ 'ಮುಗಿದಿದೆ' ಎಂದು ಬರೆದು ಇನ್ನೊಂದು ಫೋಟೊ ಕಳಿಸುತ್ತಿದ್ದರು.

"ಅಕ್ಕಾರ, ಮುಗದೈತಿ ಅಂತ ಹಾಕಿದ್ರ ಯಾರ ಬರ್ತಾರ್ರಿ?"

"ಹಸದು ಬಂದಾವಂಗ ಖಾಲಿ ಬೋಗಾಣಿ ತೋರಿಸ್ಲ್ಯಾ?"

ಮೊದಲ ವಾರ ಬೈಪಾಸಿನಿಂದ ಯಾರೂ ಬರಲಿಲ್ಲ. ಎರಡನೆಯ ವಾರ ಎರಡು ಕಾರು...

ಇಪ್ಪತ್ಮೂರನೆಯ ದಿನ ಒಂದು ಟೆಂಪೊ ಟ್ರಾವೆಲರ್ ಬಂದು ನಿಂತಿತು. ಇಳಿದವರು ಹದಿನೇಳು ಜನ.

ಡ್ರೈವರ್ ಫೋನ್ ತೋರಿಸಿದ. "ಅವ್ವಾರ, ನಿನ್ನಿ ಹೋಗೂಮುಂದ ನೋಡಿದ್ವಿ, ಪುಂಡಿಪಲ್ಯ ಮುಗದೈತಿ ಅಂತಿತ್ತು. ಇಲ್ಲ ಅಂದ್ರ ಇಲ್ಲ ಅಂತ ಹೇಳೋರು, ಐತಿ ಅಂದ್ರ ಇರತೈತಿ ಅಂತ ಇವತ್ತ ಬೈಪಾಸ್ ಬಿಟ್ಟು ಬಂದೀವ್ರಿ."

ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಲಿ ಹೊಗಿ..."

"ಗ್ಯಾಸ್ ಒಲಿಗೆ ಎಲ್ಲೀದ ಹೊಗಿ ಯಕ್ಕಾ?" ಎಂದಳು ಮಾದೇವಿ. ಐವರೂ ಜೋರಾಗಿ ನಕ್ಕರು.

ತಿಂಗಳು ಮುಗಿಯುವ ಹೊತ್ತಿಗೆ ಆ ಬೈಪಾಸಿನಲ್ಲಿ 'ಜೋಳದ ರೊಟ್ಟಿ ಊಟ' ಎಂದು ಹುಡುಕಿದವರಿಗೆ ಮೊದಲು ಕಾಣುತ್ತಿದ್ದದ್ದು ಕಾಶವ್ವನ ಖಾನಾವಳಿ. ಹೊಸದು ಎಂಬ ಒಂದೇ ಕಾರಣಕ್ಕಲ್ಲ... 'ಈಗ ಊಟಕ್ಕೆ ಏನಿದೆ?' ಎಂದು ಹಸಿದವರು ಕೇಳುವ ಪ್ರಶ್ನೆಗೆ ಆ ಹೊತ್ತಿನ ಉತ್ತರ ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ತಾನಾಗಿಯೇ ಬದಲಾದರೆ ಸಾಲದು... ಬದಲಾಗುವ ಪ್ರತಿ ಅಕ್ಷರ ನಮ್ಮದಾಗಿರಬೇಕು, ನಿಜವಾಗಿರಬೇಕು.

ನೀವು ದಿನವೂ ಜನರ ಮುಂದಿಡುವುದರಲ್ಲಿ ನಿಮ್ಮದೆಷ್ಟು, ಎಲ್ಲಿಂದಲೋ ಬಂದು ಬಿದ್ದದ್ದೆಷ್ಟು?

ಐವರಲ್ಲಿ ಯಾರೂ ಕೆಲಸ ಕಳೆದುಕೊಳ್ಳಲಿಲ್ಲ. ಮುಂದಿನ ತಿಂಗಳ ಒಂದನೆಯ ತಾರೀಖು ಆರನೆಯವರು ಕೆಲಸಕ್ಕೆ ಸೇರಿದರು.