ಅಪ್ಪನ ಕಿಸೆಯ ಎಣ್ಣೆ ಬಾಟಲಿ

ಈಗ ಮೊಣಕಾಲಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡಾಗಲೆಲ್ಲ ನನಗೆ ಯರಗಟ್ಟಿಯ ಕಬಡ್ಡಿ ಮೈದಾನದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ನಮ್ಮ ಸವದತ್ತಿ ತಂಡ ರಾಮದುರ್ಗದವರ ಎದುರು ಸೋಲುತ್ತಿತ್ತು. ಆ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಅಪ್ಪ ಎಂದಿನಂತೆ ಗೆರೆಯ ಪಕ್ಕದ ಹುಡಿಮಣ್ಣಿನಲ್ಲಿ ಬಲಗಾಲು ಚಾಚಿ ಕುಳಿತಿದ್ದ. ಅವನೂ ಒಂದು ಕಾಲದಲ್ಲಿ ಇದೇ ತಂಡಕ್ಕೆ ಆಡಿದವನು. ಆಡುವಾಗ ಮೊಣಕಾಲಿಗೆ ಪೆಟ್ಟು ಬಿದ್ದ ಮೇಲೆ ಆ ಕಾಲು ಪೂರ್ತಿ ಮಡಚಲೇ ಇಲ್ಲ. ಅದಕ್ಕೆಂದೇ ಎಣ್ಣೆಯ ಬಾಟಲಿ ಸದಾ ಅವನ ಅಂಗಿಯ ಕಿಸೆಯಲ್ಲಿರುತ್ತಿತ್ತು.

ಜನ ಧೂಳು ಜಾಡಿಸಿಕೊಂಡು ಬಸ್ಸಿಗೆ ಹೊರಟರು. ನನಗೂ ಸಾಕಾಗಿತ್ತು.

"ಅಪ್ಪಾ, ಎಲ್ಲಾರೂ ಹೊಂಟ್ರು. ನಾವೂ ಹೋಗೂಣು," ಅಂದೆ.

"ಆಡಾವರು ಇನ್ನೂ ಹೊಂಟಿಲ್ಲಲ್ಲ ಯವ್ವಾ. ಕುಂದರು."

ಕೊನೆಯ ರೈಡಿಗೆ ಹೋದ ನಮ್ಮ ಹುಡುಗನನ್ನು ನಾಲ್ವರು ಹಿಡಿದು ಕೆಡವಿದರು. ಪಂದ್ಯ ಮುಗಿಯಿತು. ಅವನು ಮೊಣಕಾಲು ಹಿಡಿದುಕೊಂಡು ಕುಂಟುತ್ತ ಬಂದ. ಅಪ್ಪ ಬಾಟಲಿಯನ್ನು ಅವನ ಕೈಗಿಟ್ಟು, "ಇದನ್ನ ನೀನ ಇಟಗೋ," ಅಂದ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದ. ಅವ್ವ ಅವನ ಕಿಸೆ ತಡವಿ ನೋಡಿದಳು.

"ಎಣ್ಣಿ ಎಲ್ಲೈತ್ರಿ?"

"ಹುಡುಗಗ ಕೊಟ್ಟ ಬಂದ್ನಿ. ಬರೂ ಐತವಾರ ಬೈಲಹೊಂಗಲದವರ ಕೂಡ ಪಂದ್ಯ ಐತಿ. ಅವ ಆಡಬೇಕಲ್ಲ."

ಅವ್ವ ಬೈಯಲಿಲ್ಲ. ಒಲೆಯ ಮೇಲೆ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು. ತಿಕ್ಕುತ್ತಲೇ, ತಲೆ ಎತ್ತದೆಯೇ ಅಂದಳು:

"ಐತವಾರ ಎರಡ ಬಾಟ್ಲಿ ತಗೊಂಡ ಹೋಗ್ರಿ."